ಅಧ್ಯಕ್ಷರ ಕುರ್ಚಿ, ಕ್ಲಾರಿನೆಟ್ಟಿನವನ ವಸಡು

ನಮ್ಮ ಪುರಸಭೆಯು ಕಳೆದ ವರ್ಷವನ್ನು ‘ವಸಡು ಸಂರಕ್ಷಣಾ ವರ್ಷ’ವೆಂದು ಘೋಷಿಸಿ, ವರ್ಷ ಮುಗಿಯುವುದರೊಳಗೆ ತನ್ನ ನೌಕರನೊಬ್ಬನನ್ನು ವಸಡಿನ ರೋಗದಿಂದ ಸಂಪೂರ್ಣವಾಗಿ ಮುಕ್ತಗೊಳಿಸಿತು ಎಂಬುದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಬರೆದವನು ಸಮಿತಿಯ ಗುಮಾಸ್ತನಾದ ನಾನೇ ಆದ್ದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಹೇಗೆ ಮುಕ್ತಗೊಳಿಸಿತು ಎಂದು ಕೆಲವರು ಕೇಳುತ್ತಾರೆ. ಮಾಡಲು ಬೇರೆ ಕೆಲಸವಿಲ್ಲದವರು ಕೇಳುತ್ತಾರೆ. ಅಂಥವರಿಗಾಗಿ ಈ ವಿವರ.

ಮೊದಲು ಸಮಿತಿಯಾಯಿತು. ಸಮಿತಿಗೊಬ್ಬ ಅಧ್ಯಕ್ಷರಾದರು. ಅಧ್ಯಕ್ಷರಿಗೆ ಸೊಂಟನೋವಿತ್ತು. ಮರದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಜನಸೇವೆಯಲ್ಲಿ ಅವರ ಆಸಕ್ತಿಯೇ ಹೊರಟುಹೋಗುತ್ತಿತ್ತು. ಆ ವರ್ಷ ಹೊಸ ಪೀಠೋಪಕರಣ ಕೊಳ್ಳುವುದಕ್ಕೆ ನಿಷೇಧವಿತ್ತು. ಆದರೆ ಅಭಿಯಾನಕ್ಕೆ ಸಂಬಂಧಪಟ್ಟ ವಿಭಾಗದಿಂದ ಸಾಮಗ್ರಿಯನ್ನು ಎರವಲು ಪಡೆಯಬಹುದೆಂದು ಹನ್ನೊಂದನೆಯ ನಿಯಮ ಹೇಳುತ್ತಿತ್ತು. ವಸಡಿಗೆ ಸಂಬಂಧಪಟ್ಟದ್ದು ಪುರಸಭೆಯ ದಂತ ಚಿಕಿತ್ಸಾಲಯ. ಅಲ್ಲಿ ಇದ್ದದ್ದು ಒಂದು ಕೋಣೆ, ಒಬ್ಬರು ಡಾಕ್ಟರಮ್ಮ, ಒಂದು ಕುರ್ಚಿ. ಹಿಂದಕ್ಕೆ ಒರಗುವ, ಕಾಲು ಚಾಚಲು ಜಾಗವಿರುವ, ತಲೆಯ ಮೇಲೆ ದೀಪವೂ ಪಕ್ಕದಲ್ಲಿ ಉಗಿಯಲು ಪುಟ್ಟ ಬೇಸಿನ್ನೂ ಇರುವ ಹಸಿರು ಕುರ್ಚಿ. ಅದರ ಬೋಲ್ಟು ಬಿಚ್ಚಿ ನಾಲ್ಕು ಜನ ಹೊತ್ತು ತಂದು ಸಮಿತಿಯ ಕೋಣೆಯಲ್ಲಿ ಇಟ್ಟರು. ಹಲ್ಲು ಶುಚಿ ಮಾಡುವ ಯಂತ್ರವೂ ಉಪಕರಣಗಳ ತಟ್ಟೆಯೂ ಕುರ್ಚಿಯ ತೋಳಿಗೇ ಜೋಡಣೆಯಾಗಿದ್ದರಿಂದ ಅವೂ ಜೊತೆಗೆ ಬಂದವು. ಅಧ್ಯಕ್ಷರು ಬೇಸಿನ್ನಿನಲ್ಲಿ ಪೆನ್ನು ಇಟ್ಟುಕೊಂಡರು, ತಟ್ಟೆಯಲ್ಲಿ ಬಿಸ್ಕತ್ತು.

ಒಂದೇ ವಾರದಲ್ಲಿ ಅವರ ಸೊಂಟನೋವು ಮಾಯವಾಯಿತು. ಇದನ್ನು ಅಭಿಯಾನದ ಮೊದಲ ಯಶಸ್ಸೆಂದು ನಾನು ನಡಾವಳಿಯಲ್ಲಿ ಬರೆದೆ.

ಕುರ್ಚಿ ಕೊಟ್ಟದ್ದಕ್ಕೆ ಡಾಕ್ಟರಮ್ಮನ ರುಜು ಬೇಕಿತ್ತು. ಕಾಗದ ಹಿಡಿದು ನಾನು ಚಿಕಿತ್ಸಾಲಯಕ್ಕೆ ಹೋದಾಗ ಪುರಸಭೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಬಾಯಿ ತೆರೆದು ಕೂತಿದ್ದ. ಇಪ್ಪತ್ತೆರಡು ವರ್ಷ ನುಡಿಸಿದವನು. ಅವನ ಹೆಂಡತಿ ಟಾರ್ಚು ಹಿಡಿದಿದ್ದಳು.

“ಎಷ್ಟು ದಿನದಿಂದ ರಕ್ತ ಬರ್ತಿದೆ?” ಡಾಕ್ಟರಮ್ಮ ಕೇಳಿದರು.

“ಒಂದೆರಡು ವರ್ಷ ಆಗಿರ್ಬೇಕು. ಬ್ರಷ್ ಮಾಡಿದ್ರೆ ಬರುತ್ತೆ. ಅದಕ್ಕೆ ಬ್ರಷ್ ಮಾಡೋದೇ ಬಿಟ್ಟಿದೀನಿ.”

“ಸರಿಹೋಯ್ತು! ಬಾಗಿಲು ಕಿರುಗುಟ್ಟುತ್ತೆ ಅಂತ ಬಾಗಿಲು ಹಾಕೋದೇ ಬಿಟ್ಟಂಗಾಯ್ತು. ನೋಡಿ, ನಿಮ್ಮ ಹಲ್ಲು ಗಟ್ಟಿಯಾಗೇ ಇದೆ. ಕೆಟ್ಟಿರೋದು ಅದನ್ನ ಹಿಡ್ಕೊಂಡಿರೋ ವಸಡು. ಹಲ್ಲಿನ ಬುಡದಲ್ಲಿ ಪಾಚಿ ಕೂತು ಕಲ್ಲಾಗಿದೆ. ಅದರ ಕೆಳಗೆ ಕೀವು. ಒಳಗೆ ಮೂಳೆ ಕರಗ್ತಾ ಇದೆ. ನೋವಿಲ್ವಲ್ಲ ಅಂತ ಸುಮ್ನಿದ್ರಿ. ಈ ರೋಗ ನೋವು ಮಾಡ್ದೇನೇ ಕೆಲಸ ಮುಗಿಸುತ್ತೆ.”

“ಮುಂದಿನ ಹಲ್ಲು ಉಳಿಯುತ್ತಾ ಡಾಕ್ಟ್ರೇ? ಮೇಲಿನ ಹಲ್ಲನ್ನ ಕ್ಲಾರಿನೆಟ್ಟಿನ ತುದಿಗೆ ಊರದೆ ಊದೋಕಾಗಲ್ಲ. ಅದಿಲ್ದೆ ಹೋದ್ರೆ ನನ್ನ ಕೈಲಿರೋದು ಬರೀ ಕೊಳವೆ.”

“ಉಳಿಸ್ಬಹುದು. ನಾಲ್ಕು ಸಲ ಬಂದು ಕೂತ್ರೆ ಬೇರಿನ ತನಕ ಶುಚಿ ಮಾಡ್ತೀನಿ. ಆಮೇಲೆ ಮೆತ್ತನೆ ಬ್ರಷ್ಷನ್ನ ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ ಉಜ್ಜಿ. ಸಂದಿಗೆ ದಾರ ಹಾಕಿ. ರಕ್ತ ಬಂತು ಅಂತ ನಿಲ್ಲಿಸ್ಬೇಡಿ. ಸಿಗರೇಟು ಇವತ್ತೇ ಬಿಡಿ. ಸಕ್ಕರೆ ಕಾಯಿಲೆ ಇದೆಯಾ ಅಂತಾನೂ ಪರೀಕ್ಷೆ ಮಾಡಿಸ್ಕೊಳಿ.”

“ಯಾವಾಗ ಬಂದು ಕೂರ್ಲಿ?”

ಡಾಕ್ಟರಮ್ಮ ನೆಲ ನೋಡಿದರು. ಅಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು. ಆಮೇಲೆ ನನ್ನತ್ತ ಕೈ ತೋರಿಸಿ, “ಇವರನ್ನ ಕೇಳಿ” ಎಂದರು.

ಅವನು ಅರ್ಜಿ ಬರೆದುಕೊಟ್ಟ. ಅಧ್ಯಕ್ಷರು ಒರಗಿಕೊಂಡೇ, ತಲೆಯ ಮೇಲಿನ ದೀಪ ಹಾಕಿಸಿಕೊಂಡು ಅದನ್ನು ಎರಡು ಸಲ ಓದಿದರು.

“ಅಲ್ರೀ, ನನ್ನ ಕುರ್ಚಿ ಮೇಲೆ ಬ್ಯಾಂಡಿನವನು ಕೂರ್ತಾನಂತಾ?”

“ನಾಲ್ಕು ಸಲ ಅಂತೆ ಸಾರ್” ಎಂದರು ಉಪಾಧ್ಯಕ್ಷರು. “ಕೂತು ಬಾಯಿ ಬೇರೆ ತೆಗೀತಾನಂತೆ.”

ಅಧ್ಯಕ್ಷರು ಮನೆಗೆ ಹೋದ ಮೇಲೆ ಕುರ್ಚಿ ಖಾಲಿಯೇ ಇರುತ್ತದಲ್ಲ ಎಂದು ಅವನು ಅರ್ಜಿಯಲ್ಲಿ ಜಾಣತನದಿಂದ ಸೂಚಿಸಿದ್ದ. ಅದಕ್ಕೆ ಉತ್ತರವಾಗಿ ಸಮಿತಿ ಹೀಗೆ ನಿರ್ಣಯಿಸಿತು: “ಅಧ್ಯಕ್ಷರ ಘನತೆಯು ಅಧ್ಯಕ್ಷರು ಎದ್ದುಹೋದ ತರುವಾಯವೂ ಸದರಿ ಆಸನದಲ್ಲಿಯೇ ಆಸೀನವಾಗಿರುವುದರಿಂದ, ಸದರಿ ಆಸನವು ದಿನದ ಯಾವ ವೇಳೆಯಲ್ಲಿಯೂ ಖಾಲಿ ಇರುವುದಿಲ್ಲವೆಂದು ಭಾವಿಸತಕ್ಕದ್ದು.” ಈ ವಾಕ್ಯ ನನ್ನದೇ. ಇಂದಿಗೂ ಓದಿದಾಗ ಹೆಮ್ಮೆಯಾಗುತ್ತದೆ.

ಚಿಕಿತ್ಸೆಯೇ ನಿಂತುಹೋಗಿದೆ ಎಂದು ಡಾಕ್ಟರಮ್ಮ ಬರೆದ ಮೂರು ಪತ್ರಗಳಿಗೆ ಒಂದೇ ಉತ್ತರ ಹೋಯಿತು: “ಜಾಗೃತಿಯು ಪೂರ್ಣಗೊಂಡ ನಂತರ ಚಿಕಿತ್ಸೆಯನ್ನು ಪರಿಶೀಲಿಸಲಾಗುವುದು. ಜಾಗೃತಿಗೆ ಮುನ್ನವೇ ಗುಣಪಡಿಸುವುದು ಆತುರದ ಕ್ರಮವಾಗುತ್ತದೆ.”

ಜಾಗೃತಿ ಮಾತ್ರ ಭರ್ಜರಿಯಾಗಿ ನಡೆಯಿತು. ವಾರಕ್ಕೆ ಎರಡು ದಿನ ಬೀದಿಬೀದಿಯಲ್ಲಿ ಮೆರವಣಿಗೆ. ಮುಂದೆ ಬ್ಯಾಂಡು, ಹಿಂದೆ ವ್ಯಾನು, ವ್ಯಾನಿನ ಮೇಲೆ ಧ್ವನಿವರ್ಧಕ. “ಮಹಾಜನಗಳೇ! ವಸಡಿನಲ್ಲಿ ರಕ್ತ ಕಂಡರೆ ಅಲಕ್ಷಿಸಬೇಡಿ! ಇಂದೇ ಪುರಸಭೆಯ ದಂತ ಚಿಕಿತ್ಸಾಲಯಕ್ಕೆ ಬನ್ನಿ!” ಜನ ಬಂದರು. ನಾಲ್ಕು ತೂತು, ಒಂದು ಸ್ಟೂಲು, ಒಬ್ಬರು ಡಾಕ್ಟರಮ್ಮನನ್ನು ನೋಡಿಕೊಂಡು ವಾಪಸು ಹೋದರು. ಬಂದವರನ್ನೆಲ್ಲ ಫಲಾನುಭವಿಗಳೆಂದು ಬರೆದುಕೊಂಡೆವು.

ಕ್ಲಾರಿನೆಟ್ಟಿನವನು ತನ್ನ ಪಾಲಿನದನ್ನು ಚಾಚೂ ತಪ್ಪದೆ ಮಾಡಿದ. ಸಿಗರೇಟು ಬಿಟ್ಟ, ಎರಡು ಹೊತ್ತೂ ಉಜ್ಜಿದ, ದಾರ ಹಾಕಿದ. ರಕ್ತವೇನೋ ಕಮ್ಮಿಯಾಯಿತು. ಆದರೆ ವಸಡಿನ ಒಳಗೆ ಕೂತ ಕಲ್ಲಿಗೆ ಬ್ರಷ್ ತಲುಪುವುದಿಲ್ಲವಲ್ಲ. ಅಲ್ಲಿಗೆ ತಲುಪುವ ಯಂತ್ರದ ಕೊಕ್ಕೆಗೆ ಅಧ್ಯಕ್ಷರು ಕೊಡೆ ನೇತುಹಾಕಿದ್ದರು.

ಒಂದು ದಿನ ಅವನ ಹೆಂಡತಿ ನೇರವಾಗಿ ಸಮಿತಿಯ ಕೋಣೆಗೇ ನುಗ್ಗಿದಳು.

“ನಾಲ್ಕು ದಿನ ಆ ಕುರ್ಚಿ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಮನೇಲಿ ಊದೋಕೆ ಕೂತ್ರೆ ಹಲ್ಲು ಅಲ್ಲಾಡುತ್ತೆ ಅಂತ ಅರ್ಧಕ್ಕೇ ಎತ್ತಿಡ್ತಾರೆ. ನನಗೆ ಕೇಳೋಕಾಗಲ್ಲ.”

“ಅಮ್ಮಾ, ಅದು ಕುರ್ಚಿ ಅಲ್ಲಮ್ಮ, ಹುದ್ದೆ” ಎಂದು ಉಪಾಧ್ಯಕ್ಷರು ತಿಳಿಹೇಳಿದರು.

ಏಳನೆಯ ತಿಂಗಳಲ್ಲಿ, ಮೆರವಣಿಗೆ ಪೇಟೆಬೀದಿಯ ತಿರುವಿನಲ್ಲಿದ್ದಾಗ, ಕ್ಲಾರಿನೆಟ್ಟಿನ ಸ್ವರ ಫಕ್ಕನೆ ನಿಂತಿತು. ಅವನು ಅಂಗೈಯಲ್ಲಿ ಏನನ್ನೋ ನೋಡುತ್ತ ನಿಂತಿದ್ದ. ನೋಡಿದರೆ ಮುಂದಿನ ಹಲ್ಲು, ಒಂದು ಚೂರೂ ಹುಳುಕಿಲ್ಲದ್ದು. ಬ್ಯಾಂಡ್ ಮಾಸ್ಟರು ಕೈಸನ್ನೆ ಮಾಡಿ ಡ್ರಮ್ ಜೋರು ಮಾಡಿಸಿದರು. ಮೆರವಣಿಗೆ ಮುಂದೆ ಹೋಯಿತು.

ಆಮೇಲೆ ಒಂದೊಂದಾಗಿ ಹೋದವು. ಶುಚಿ ಮಾಡಲು ಕುರ್ಚಿ ಬೇಕು. ಅಲ್ಲಾಡುವ ಹಲ್ಲು ಕೀಳಲು ಸ್ಟೂಲು ಸಾಕು. ವರ್ಷದ ಕೊನೆಗೆ ಒಂಬತ್ತು ಹಲ್ಲು ಉಳಿದಿದ್ದವು.

ಅದೇ ಹೊತ್ತಿಗೆ ಮೇಲಿನಿಂದ ನಮೂನೆ ಬಂತು: ಸಂಪೂರ್ಣ ರೋಗಮುಕ್ತರಾದವರ ಸಂಖ್ಯೆ ತಿಳಿಸಿ. ಒಬ್ಬರೂ ಇರಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾನು ಚಿಕಿತ್ಸಾಲಯದ ಪುಸ್ತಕ ತರಿಸಿ ತಿರುವಿಹಾಕಿದೆ. ಕ್ಲಾರಿನೆಟ್ಟಿನವನ ಪುಟದಲ್ಲಿ, ಹಲ್ಲು ಹೋದ ಕಡೆಯೆಲ್ಲ ರಕ್ತ ಇಲ್ಲ, ಕೀವು ಇಲ್ಲ, ಕಲ್ಲು ಇಲ್ಲ ಎಂದು ಡಾಕ್ಟರಮ್ಮನೇ ಬರೆದಿದ್ದರು.

“ಸಾರ್, ಹಲ್ಲು ಹೋದಲ್ಲಿ ರೋಗಾನೂ ಹೋಗಿದೆ” ಎಂದೆ.

ಅಧ್ಯಕ್ಷರು ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು ತಮ್ಮ ಕೈಯಾರೆ ನನಗೆ ಕೊಟ್ಟರು.

ಉಳಿದ ಒಂಬತ್ತನ್ನು ಕೀಳಬೇಕೆಂದು ಆದೇಶ ಹೋಯಿತು. ಭಾಗಶಃ ಮುಕ್ತಿಯನ್ನು ನಮೂದಿಸಲು ನಮೂನೆಯಲ್ಲಿ ಜಾಗವಿರಲಿಲ್ಲ. “ಅದರಲ್ಲಿ ಆರು ಇನ್ನೂ ಉಳಿಯುತ್ತೆ, ಕುರ್ಚಿ ಕೊಡಿ, ನಾನು ಮಾತ್ರ ಕೀಳಲ್ಲ” ಎಂದರು ಡಾಕ್ಟರಮ್ಮ. ಅವರನ್ನು ಉದ್ಯಾನವನ ವಿಭಾಗಕ್ಕೆ ವರ್ಗ ಮಾಡಲಾಯಿತು. ಬದಲಿಗೆ ಬಂದ ಡಾಕ್ಟರು ಅಷ್ಟು ಮಾತಿನವರಲ್ಲ. ಕ್ಲಾರಿನೆಟ್ಟಿನವನಿಗೆ ಬ್ಯಾಂಡ್ ಮಾಸ್ಟರು ಹೇಳಿದರು: “ಮುಂದಿನ ಹಲ್ಲಿಲ್ಲ ಅಂದ್ರೆ ಕೆಲಸ ಹೋಗುತ್ತೆ. ರೋಗಮುಕ್ತ ಅಂತ ಸರ್ಟಿಫಿಕೇಟ್ ಇದ್ರೆ ಉಳಿಯುತ್ತೆ. ನೋಡ್ಕೋ.” ಅವನು ನೋಡಿಕೊಂಡ. ಸ್ಟೂಲಿನ ಮೇಲೆ ಹೋಗಿ ಕೂತ.

ಸನ್ಮಾನ ಸಮಾರಂಭಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ತಮ್ಮ ಕುರ್ಚಿಯನ್ನು ವೇದಿಕೆಗೆ ತರಿಸಿ, ಅವನನ್ನು ಅದರಲ್ಲೇ ಕೂರಿಸಿದರು. ಒರಗಿಸಿದರು. ದೀಪ ಹಾಕಿಸಿದರು. ಎಲ್ಲರಿಗೂ ಕಾಣುವಂತೆ ಬಾಯಿ ತೆರೆಯಲು ಹೇಳಿದರು. ಅವನು ತೆರೆದ. ಚಪ್ಪಾಳೆ ನಿಂತ ಮೇಲೆ ಅವನು ದೀಪ ನೋಡುತ್ತ ಏನೋ ಹೇಳಿದ. ಹಲ್ಲಿಲ್ಲದ ಮಾತು, ಯಾರಿಗೂ ತಿಳಿಯಲಿಲ್ಲ. ಕೃತಜ್ಞತೆ ಸಲ್ಲಿಸಿದರೆಂದು ನಾನು ಬರೆದುಕೊಂಡೆ. ಮೊದಲ ಸಾಲಿನಿಂದ ಅವನ ಹೆಂಡತಿ ಎದ್ದುನಿಂತು, “ನಾಲ್ಕು ದಿನ ಸಾಕಿತ್ತಲ್ಲ ಅಂತಿದಾರೆ” ಎಂದಳು. ನನಗೆ ನಾಚಿಕೆಯಾಯಿತು. ನಡಾವಳಿಯಲ್ಲಿ ಅದಕ್ಕೆ ಅಂಕಣವಿಲ್ಲ.

ಕುರ್ಚಿ ಈಗ ಮರಳಿ ಸಮಿತಿಯ ಕೋಣೆಯಲ್ಲಿದೆ. ಅಭಿಯಾನವನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿ, ಗುರಿಯನ್ನು ಇಪ್ಪತ್ತೈದು ಮಂದಿಗೆ ಏರಿಸಲಾಗಿದೆ. ಸ್ಟೂಲಿನ ಮೇಲೆ ಕೂರಬೇಕಾದವರ ಪಟ್ಟಿ ತಯಾರಾಗುತ್ತಿದೆ. ನನ್ನ ವಸಡಿನಲ್ಲೂ ಮೂರು ತಿಂಗಳಿಂದ ರಕ್ತ ಕಾಣುತ್ತಿರುವುದರಿಂದ, ಸಮಿತಿಯ ಗುಮಾಸ್ತನೆಂಬ ಗೌರವದಿಂದ, ನನ್ನ ಹೆಸರನ್ನೇ ಮೊದಲು ಬರೆದಿದ್ದಾರೆ. ನಾನೂ ರುಜು ಹಾಕಿದ್ದೇನೆ.

ಕ್ಲಾರಿನೆಟ್ಟಿನವನ ಕೆಲಸ ಉಳಿದಿದೆ. ವಾರಕ್ಕೆರಡು ದಿನ ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲೇ ನಡೆಯುತ್ತಾನೆ. ಕ್ಲಾರಿನೆಟ್ಟನ್ನು ತುಟಿಗಿಟ್ಟು ಬೆರಳಾಡಿಸುತ್ತಾನೆ. ಸ್ವರ ಬರುವುದಿಲ್ಲ, ಬೆರಳು ಮಾತ್ರ ಒಂದೂ ತಪ್ಪುವುದಿಲ್ಲ. ಮೊದಲಿಗಿಂತ ಈಗಲೇ ಚೆನ್ನಾಗಿದೆ ಎಂದು ಬ್ಯಾಂಡ್ ಮಾಸ್ಟರು ಲಿಖಿತವಾಗಿ ದೃಢಪಡಿಸಿದ್ದಾರೆ, ಬೀದಿಯ ಎರಡೂ ಬದಿಯಲ್ಲಿ ನಿಂತ ನಾವೆಲ್ಲ ತಲೆದೂಗುತ್ತೇವೆ.