ತಕ್ಕಡಿ, ತೋಟಾ ಮತ್ತು ಸೋಮವಾರದ ಪಟ್ಟಿ

ಶನಿವಾರ ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮುಂದೆ ಉಸಿರು ಬಿಗಿಹಿಡಿದು ನಾನು ಹದಿನೇಳನೇ ರೈಫಲ್ ತೋಟಾಕ್ಕೆ ಮದ್ದು ತೂಗುತ್ತಿದ್ದೆ. ಏಸಿ ಆರಿಸಿದ್ದೆ, ಅದರ ಗಾಳಿಗೆ ತಕ್ಕಡಿಯ ಮುಳ್ಳು ನಡುಗುತ್ತದೆ. (ಜುಲೈ ತಿಂಗಳ ಟೆಕ್ಸಸ್‌ನಲ್ಲಿ ಏಸಿ ಆರಿಸಿದ ಗಂಡನಿಂದ ವಿಚ್ಛೇದನ ಕೇಳಿದರೆ ಯಾವ ನ್ಯಾಯಾಧೀಶರೂ ಬೇರೆ ಕಾರಣ ಕೇಳಲಾರರು.)

"ರೀ, ನಾನು ಉಸಿರಾಡಬಹುದಾ?" ನನ್ನ ಧರ್ಮಪತ್ನಿ ನಳಿನಿ ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಕೇಳಿದಳು.

"ಆ ಕಡೆ ತಿರುಗಿ ಆಡು."

"ಅಂಗಡೀಲಿ ರೆಡಿ ತೋಟಾ ಡಬ್ಬಿಗಟ್ಲೆ ಸಿಗತ್ತಲ್ಲ?"

"ಅವು ಒಂದರ ಹಾಗೆ ಒಂದಿರಲ್ಲ ಕಣೇ. ಮದ್ದು ಚೂರು ಹೆಚ್ಚುಕಮ್ಮಿ ಆದ್ರೂ ಗುಂಡು ಮೇಲೆ ಕೆಳಗೆ ಹೋಗತ್ತೆ."

"ಹುಣಸೆಹಣ್ಣು ಎಲ್ಲಿ ಹೋಯ್ತು?"

"ಖಾಲಿ ತೋಟಾ ಉಜ್ಜಿದೆ. ಅವೂ ಹಿತ್ತಾಳೆನೇ ಅಲ್ವಾ."

"ಸರಿ. ಇವತ್ತು ಸಾರಿಗೆ ಮದ್ದೇ ಹಾಕ್ತೀನಿ. ತೂಗಿ ಕೊಡಿ."

ಇದು ಹವ್ಯಾಸವಾಗಿದ್ದರೆ ನಾನೂ ನಗುತ್ತಿದ್ದೆ. ಅದು ೨೦೦೨. ಡಲ್ಲಾಸ್‌ನ ಟೆಲಿಕಾಂ ಆಫೀಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಗೆಳೆಯ ಅವಿನಾಶ್ ಕೆಲಸ ಹುಡುಕಿಕೊಂಡು ಆಸ್ಟಿನ್‌ಗೆ ಹೋಗಿದ್ದ. ರಾಮಮೂರ್ತಿ ಸಂಸಾರಸಮೇತ ಕೇಟಿ ಎಂಬ ಊರಿನಲ್ಲಿ ಭಾವನ ಮನೆಯ ಸೋಫಾದ ಮೇಲಿದ್ದ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದ ನಮ್ಮ ಆಫೀಸಿನ ಲೇಆಫ್ ಪಟ್ಟಿ ಸೋಮವಾರ ಬರಲಿತ್ತು. ಬರೆಯುವವರು ಮ್ಯಾನೇಜರ್ ಲಿಂಗರಾಜು. ಧಾರವಾಡದವರು, ರೈಫಲ್ ಹುಚ್ಚಿನವರು. ಆ ಶನಿವಾರ ನನ್ನನ್ನು ಶೂಟಿಂಗ್ ರೇಂಜಿಗೆ ಕರೆದಿದ್ದರು. ನನ್ನ ಕೆಮಿಸ್ಟ್ರಿ ಎಂಎಸ್ಸಿಯ ಕೈಚಳಕ ಕಂಡ ಮೇಲೆ ನನ್ನ ಹೆಸರು ಬರೆಯಲು ಅವರ ಕೈ ಏಳಬಾರದು. ಇದು ನನ್ನ ಮಹಾಸಂಕಲ್ಪ.

"ಸುಮ್ನೆ ಊಟಕ್ಕೆ ಕರೀರಿ. ಎಣ್ಣೆಗಾಯಿ ಮಾಡ್ತೀನಿ," ಎಂದಳು ನಳಿನಿ.

ಕೇಳಲಿಲ್ಲ.

ರೇಂಜಿನಲ್ಲಿ ಪ್ರತಿ ಸಲವೂ ಕೆನ್ನೆಯನ್ನು ರೈಫಲ್ಲಿನ ಅದೇ ಜಾಗಕ್ಕೆ ಒತ್ತಿದೆ. ಅರ್ಧ ಉಸಿರು ಬಿಟ್ಟು ನಿಲ್ಲಿಸಿದೆ. ಟ್ರಿಗರನ್ನು ಎಳೆಯದೆ ಮೆಲ್ಲಗೆ ಒತ್ತಿದೆ. ನೂರು ಗಜ ದೂರದ ಕಾಗದದಲ್ಲಿ ಐದು ತೂತುಗಳು ಒಂದು ಕ್ವಾರ್ಟರ್ ನಾಣ್ಯದಡಿ ಅಡಗಿದವು.

"ಅಬ್ಬಬ್ಬಾ! ಏನ್ ಅಳತಿ ರೀ ನಿಮ್ಮದು, ಮೋಹನರಾಜ! ಎಲ್ಲಾದ್ರಾಗೂ ಹಿಂಗನ?"

"ಎಲ್ಲಾದ್ರಲ್ಲೂ ಸಾರ್. ಅಂದಾಜಿನ ಮಾತೇ ಇಲ್ಲ."

ಲಿಂಗರಾಜು ಕಾಗದವನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಒಂದು ಲೆಕ್ಕದ ಮ್ಯಾಲೆ ನನಗ ಸಂಶಯ ಇತ್ತು ನೋಡ್ರಿ. ಇವತ್ತ ಹೋತು."

ನಾನು ಹಾಡುತ್ತ ಮನೆಗೆ ಡ್ರೈವ್ ಮಾಡಿದೆ. ಏಸಿ ಹಾಕಿದೆ. ಭಾನುವಾರವೆಲ್ಲ ಆರಿಸಲಿಲ್ಲ.

ಸೋಮವಾರದ ಪಟ್ಟಿಯಲ್ಲಿ ನಮ್ಮ ತಂಡದಿಂದ ಒಂದೇ ಹೆಸರಿತ್ತು. ನನ್ನದು. ಲಿಂಗರಾಜು ನನ್ನ ಮುಖ ನೋಡದೆ ಹೇಳಿದರು: "ಕಡೀಕ ಸೇರಿದವರು ನೀವರಿ. ನಾ ಏನ್ ಮಾಡ್ಲಿ? ಏಪ್ರಿಲ್ ಮೀಟಿಂಗಿನ್ಯಾಗ ಈ ಕೆಲಸಕ್ಕ ಎಷ್ಟು ಮಂದಿ ಸಾಕು ಅಂತ ಕೇಳಿದ್ನೆಲ್ಲ. ಉಳಿದವರು ಬರೇ ತಲಿ ಕೆರಕೊಂಡ್ರು. ನೀವೊಬ್ಬರ ಅಂಕಿ ಹೇಳಿದ್ರಿ."

ಆಫೀಸಿನ ಸಾಮಾನಿನ ರಟ್ಟಿನ ಡಬ್ಬಿ ಹಿಡಿದು ಮನೆಗೆ ಬಂದು ಲಿಂಗರಾಜು ಹೇಳಿದ್ದನ್ನು ಹೇಳಿದೆ. ನಳಿನಿ ಏನೂ ಬೈಯದೆ ಒಂದು ತಟ್ಟೆ ಅನ್ನ ಬಡಿಸಿ ಎದುರು ಕೂತಳು. ಅದೇ ಭಯ ಹುಟ್ಟಿಸಿತು.

"ನೀವು ಎಷ್ಟು ಜನ ಇದ್ರಿ?"

"ಏಳು."

"ನೀವು ಎಷ್ಟು ಸಾಕು ಅಂದ್ರಿ?"

ಅನ್ನದಲ್ಲಿ ಬೆರಳಾಡಿಸುತ್ತ ಹೇಳಿದೆ:

"ಐದು ಪಾಯಿಂಟ್ ಒಂಬತ್ತು."