ಫೋನಿನಲ್ಲಿ ತೆಗೆದ ಜಾವಳ

ದೂರ ಕುಳಿತು ಮಕ್ಕಳನ್ನು ಬೆಳೆಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ನಾಲ್ಕು ವರ್ಷ ನಾನು ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದೆ. ಮಹಾರಾಷ್ಟ್ರದ ಗಡಿಯೂರು ಮುರುಮದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಮಗ ಕೊಡಿಸಿದ ಫೋನನ್ನು ಮೊರಕ್ಕೆ ಆನಿಸಿಟ್ಟು, ಐರ್ಲೆಂಡಿನಲ್ಲಿರುವ ಮೊಮ್ಮಗನನ್ನು ಬೆಳೆಸಿದೆ. ಹಾಲು ಕುಡಿಸು, ಅಂಗಾಲಿಗೆ ಎಣ್ಣೆ ಹಚ್ಚು, ತಣ್ಣೀರು ಮುಟ್ಟಿಸಬೇಡ. ಇಷ್ಟು ಹೇಳಿ ಫೋನು ಇಟ್ಟರೆ ನನ್ನ ಕೆಲಸ ಮುಗಿಯಿತು. ಕೂಸು ಅತ್ತರೆ ಅವರ ಮನೆಯಲ್ಲಿ ಅಳುತ್ತಿತ್ತು, ಉಚ್ಚೆ ಹೊಯ್ದರೆ ಅವರ ಮೈಮೇಲೆ ಹೊಯ್ಯುತ್ತಿತ್ತು. ನನ್ನ ಸೀರೆ ಒಣಗಿಯೇ ಇತ್ತು.

ನನ್ನ ಮಗಳು ಮಹಾನಂದಾ ಉದಗೀರದಲ್ಲಿ ನರ್ಸಿಂಗ್ ಓದಿದವಳು. ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ ಅವಳಿಗೆ ನೌಕರಿ. ಅಳಿಯ ಶಿವರಾಜ ಉದಗೀರದ ಬಟ್ಟೆ ಅಂಗಡಿಯವರ ಮಗ. ಹೆಂಡತಿಯ ಬೆನ್ನಿಗೆ ಹೋದ. ಅಲ್ಲಿ ಅವಳು ಹನ್ನೆರಡು ತಾಸು ಹೊರಗೆ ದುಡಿಯುತ್ತಾಳೆ, ಇವನು ಮನೆಯಲ್ಲಿ ಅಡುಗೆ ಮಾಡಿ ಮಗುವನ್ನು ನೋಡಿಕೊಳ್ಳುತ್ತಾನೆ. ಉದಗೀರದ ಬೀಗರಿಗೆ ಇದನ್ನು ನಾನಂತೂ ಹೇಳಿಲ್ಲ. ಕೇಳಿದರೆ, "ಅವರ ಕೈಯಾಗ ದೊಡ್ಡ ಜವಾಬ್ದಾರಿ ಕೊಟ್ಟಾರ್ರೀ" ಎನ್ನುತ್ತೇನೆ. ಸುಳ್ಳೇನೂ ಅಲ್ಲ.

ಮೊಮ್ಮಗ ಓಂಕಾರ ದಿನ ತುಂಬುವ ಮೊದಲೇ ಹುಟ್ಟಿದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ಫೋನು ಬಂದಾಗ ನಾನು ದೇವರ ಮುಂದೆ ಹೋಗಿ ಕೂತೆ. ಔಷಧ ಕೊಡುವವರು ಅಲ್ಲಿದ್ದರು, ನನ್ನ ಕೈಯಲ್ಲಿ ಇದ್ದದ್ದು ಹರಕೆ ಒಂದೇ. ಕೂಸು ಬದುಕಿದರೆ ನಮ್ಮೂರ ಗುಡಿಯಲ್ಲಿ, ಸೋದರಮಾವನ ತೊಡೆಯ ಮೇಲೆ ಕೂಡಿಸಿ ಜಾವಳ ತೆಗೆಸುತ್ತೇನೆ, ಅಲ್ಲಿಯ ತನಕ ಒಂದು ಕೂದಲೂ ಕತ್ತರಿಸುವುದಿಲ್ಲ ಎಂದು ಹರಕೆ ಹೊತ್ತೆ. ಹುಟ್ಟುಗೂದಲು ತೆಗೆಯುವುದಕ್ಕೆ ನಮ್ಮಲ್ಲಿ ಲೆಕ್ಕವಿದೆ. ಒಂದನೆಯ ವರ್ಷ, ಮೂರನೆಯ ವರ್ಷ, ಇಲ್ಲವೆಂದರೆ ಐದನೆಯ ವರ್ಷ. ಸರಿ ವರ್ಷದಲ್ಲಿ ಮುಟ್ಟುವ ಹಾಗಿಲ್ಲ. ಮೊದಲ ಕುಚ್ಚನ್ನು ಸೋದರಮಾವ ಕತ್ತರಿಸಬೇಕು. ಸೋದರಮಾವ ಎಂದರೆ ನನ್ನ ಮಗ ಬಸವರಾಜ, ಮುರುಮದಲ್ಲಿ ಕಾಳಿನ ಅಂಗಡಿಯವನು. ಅವನು ಅವಸರದ ಮನುಷ್ಯ. ಕೂಸು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ನಿಲಂಗಾದ ಪೇಟೆಗೆ ಹೋಗಿ ಅಕ್ಕಸಾಲಿಯ ಕಡೆಯಿಂದ ಬೆಳ್ಳಿಯ ಸಣ್ಣ ಕತ್ತರಿ ಮಾಡಿಸಿ ತಿಜೋರಿಯಲ್ಲಿ ಇಟ್ಟ.

ಮೊದಲ ವರ್ಷ ಕೂಸಿಗೆ ವಿಮಾನದ ಶಕ್ತಿ ಇಲ್ಲ ಎಂದರು. ಮೂರನೆಯ ವರ್ಷ ಮಗಳಿಗೆ ರಜೆ ಸಿಗಲಿಲ್ಲ. ನಾಲ್ಕನೆಯದು ಸರಿ ವರ್ಷ, ಹೋಯಿತು. ಮಗಳು ನಡುನಡುವೆ ಕೇಳುತ್ತಿದ್ದಳು, "ಅವ್ವಾ, ಸ್ವಲ್ಪ ತುದಿ ಕತ್ತರಿಸ್ಲೇನು?" ನಾನು ಕಟ್ಟೆಯ ಮೇಲಿಂದಲೇ ಗುಡುಗುತ್ತಿದ್ದೆ. "ಕೈ ಹಚ್ಚಿದಿ ಅಂದ್ರ ನೋಡು! ಹರಕಿ ನಾ ಹೊತ್ತೀನಿ, ನೀ ಅಲ್ಲ." ಹರಕೆ ಹೊತ್ತವಳು ನಾನು, ಕೂದಲು ಹೊತ್ತವನು ಅವನು ಎಂದು ಆಗ ನನಗೆ ಹೊಳೆಯಲಿಲ್ಲ. ಐದನೆಯ ವರ್ಷ ನಡೆಯುವಾಗ ಬರುತ್ತೇವೆ ಎಂದವರು ಮತ್ತೆ ರಜೆಯ ತೊಡಕಿಗೆ ಸಿಕ್ಕು, ನನ್ನನ್ನೇ ಮೂರು ತಿಂಗಳಿಗೆ ಕರೆಸಿಕೊಂಡರು.

ಅಲ್ಲಿ ಇಳಿದಾಗ ಅಳಿಯನ ಕೈ ಹಿಡಿದುಕೊಂಡು, ನನಗೆ ಬೆನ್ನು ಮಾಡಿ, ಒಂದು ಹೆಣ್ಣುಮಗು ನಿಂತಿತ್ತು. ಸೊಂಟದ ತನಕ ಜಡೆ, ಜಡೆಯ ತುದಿಗೆ ಹಸಿರು ರಬ್ಬರು. ಯಾರ ಮಗು ಎಂದು ಕೇಳುವವಳಿದ್ದೆ. ಅದು ತಿರುಗಿ, ನಮ್ಮ ಕಡೆ ಅಜ್ಜಿಗೆ ಅನ್ನುವ ಹಾಗೆ "ಆಯೀ" ಎಂದು ನನ್ನ ಕಾಲಿಗೆ ಬಂದು ತೆಕ್ಕೆ ಹಾಕಿತು. ಫೋನಿನಲ್ಲಿ ಓಂಕಾರನ ಮುಖ ಮಾತ್ರ ಕಾಣುತ್ತಿತ್ತು. ಬೆನ್ನು ಯಾರೂ ತೋರಿಸಿರಲಿಲ್ಲ.

ಆ ಮನೆಯಲ್ಲಿ ನನಗೆ ಕೆಲಸವೇ ಇರಲಿಲ್ಲ. ಪಾತ್ರೆ ತೊಳೆಯಲು ಯಂತ್ರ, ಬಟ್ಟೆಗೆ ಯಂತ್ರ, ನೆಲಕ್ಕೆ ಒಂದು ಆಮೆಯಂಥ ಯಂತ್ರ ತಾನೇ ಓಡಾಡುತ್ತಿತ್ತು. ಹೊರಗೆ ಹೋಗೋಣವೆಂದರೆ ಮಳೆ. ನಮ್ಮ ಕಡೆ ಮಳೆ ಬಂದರೆ ಬಂತು, ಹೋದರೆ ಹೋಯಿತು. ಅಲ್ಲಿಯದು ಜೋರಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ, ಕೆಲಸವಿಲ್ಲದ ನೆಂಟರ ಹಾಗೆ ಬಾಗಿಲಲ್ಲೇ ಇರುತ್ತದೆ. ಒಲೆಯ ಹತ್ತಿರ ಹೋದರೆ ಅಳಿಯ, "ಅತ್ತಿ, ನೀವು ಕೂಡ್ರಿ, ನಾ ರೊಟ್ಟಿ ಬಡೀತೀನಿ" ಎನ್ನುತ್ತಿದ್ದ. ಬಡಿಯುತ್ತಿದ್ದ ಕೂಡ. ನನ್ನ ಸೊಸೆಯ ರೊಟ್ಟಿಗಿಂತ ತೆಳ್ಳಗೆ. ಇದನ್ನೂ ಮುರುಮದಲ್ಲಿ ನಾನು ಹೇಳಿಲ್ಲ.

ದೇವರು ನನ್ನ ಮೇಲೆ ಕಣ್ಣು ಬಿಟ್ಟದ್ದು ಎರಡನೆಯ ವಾರ. ಓಂಕಾರ ಆಡಲು ಹೋಗುವ ಚಿಕ್ಕ ಮಕ್ಕಳ ಶಾಲೆಯಿಂದ ಒಂದು ಚೀಟಿ ಬಂತು. ಮಗಳು ಓದಿ ಕುರ್ಚಿಯ ಮೇಲೆ ಕುಸಿದಳು.

"ಏನಾಗ್ಯಾದ?"

"ಹೇನು ಅವ್ವಾ! ಮಕ್ಕಳ ತಲ್ಯಾಗ ಹೇನು ಆಗ್ಯಾವಂತ!"

ಮುದುಕರ ಹುಣ್ಣು ತೊಳೆದು ಪಟ್ಟಿ ಕಟ್ಟುವ ನರ್ಸಮ್ಮ ಹೇನಿಗೆ ಹೆದರಿ ಕೂತಳು. ನಾನು ಮಾತ್ರ ಎದ್ದೆ. ನನ್ನ ಚೀಲದಲ್ಲಿ ಒತ್ತು ಹಲ್ಲಿನ ಕಟ್ಟಿಗೆಯ ಹಣಿಗೆ ಇತ್ತು. ಮೊಮ್ಮಗನನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ಎರಡು ಮೊಣಕಾಲ ನಡುವೆ ಹಿಡಿದು, ತಲೆಗೆ ಎಣ್ಣೆ ಸುರಿದು ಬಾಚತೊಡಗಿದೆ. ಮೊದಲ ಹೇನನ್ನು ಉಗುರಿನ ಮೇಲಿಟ್ಟು ಚಟ್ ಎನಿಸಿದಾಗ ಅವನು ಅಳು ನಿಲ್ಲಿಸಿ ತಿರುಗಿ ನೋಡಿದ.

"ಇನ್ನೊಂದು ಆಯಿ!"

"ಎಣಸು ಮತ್ತ. ಒಂದು..."

ಹೀಗೆ ನನಗೆ ನೌಕರಿ ಸಿಕ್ಕಿತು. ದಿನಾ ಮುಂಜಾನೆ ಒಂದು ತಾಸು. ಸಿಕ್ಕು ಬಿಡಿಸುವಾಗ ಅಳುತ್ತಿದ್ದ, ಹೇನು ಸಿಕ್ಕರೆ ನಗುತ್ತಿದ್ದ. ಆ ತಾಸಿನಲ್ಲಿ ಮುರುಮದ ನಮ್ಮ ಎಮ್ಮೆ, ಅವನ ತಾಯಿ ಬಾವಿಯಲ್ಲಿ ಬೀಳಿಸಿದ ಕೊಡ, ಎಲ್ಲ ಹೇಳಿದೆ. ಅವನೂ ನನಗೆ ಏನೇನೋ ಹೇಳಿದ, ಅರ್ಧ ಅವರ ಭಾಷೆಯಲ್ಲಿ, ಅರ್ಧ ನಮ್ಮದರಲ್ಲಿ. ಅಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಸುವ ಶಾಲೆಯೊಂದು ಇದೆಯಂತೆ, ಹೋಗಿ ಒಂದು ಅಕ್ಷರ ಕಲಿಯದೆ ಬಂದನಂತೆ. ನನ್ನ ಕಡೆ ಇಪ್ಪತ್ತಮೂರರ ತನಕ ಎಣಿಸಲು ಕಲಿತ. ಮುಂದೆ ಹೇನು ಮುಗಿದವು.

ಹೇನು ಮುಗಿದರೂ ಬಾಚುವುದು ಮುಗಿಯಲಿಲ್ಲ. ಅಷ್ಟರಲ್ಲಿ ದೊಡ್ಡ ಶಾಲೆ ಶುರುವಾಗಲು ವಾರ ಉಳಿಯಿತು. ಹೊಸ ಚೀಲ ಬಂತು, ಅಂಗಿ ಬಂತು. ಅವನು ಮುಟ್ಟಲಿಲ್ಲ. ಶಾಲೆ ತೋರಿಸಲು ಅಳಿಯ ಕರೆದುಕೊಂಡು ಹೋದರೆ ಅಳುತ್ತ ತಿರುಗಿ ಬಂದ. ಹೊಸ ಮಕ್ಕಳನ್ನು ಸಾಲು ನಿಲ್ಲಿಸಿದಾಗ ಹುಡುಗರು ಇವನನ್ನು ಹುಡುಗಿಯರ ಸಾಲಿಗೆ ದಬ್ಬಿದ್ದರಂತೆ. ಪಾಯಖಾನೆಗೆ ಹೋದರೆ ನಿನ್ನದು ಆ ಕಡೆ ಎಂದು ಹೊರಗೆ ಹಾಕಿದರಂತೆ. ಹುಡುಗ ಪ್ಯಾಂಟು ತೋಯಿಸಿಕೊಂಡು ಮನೆಗೆ ಬಂದಿದ್ದ.

ಮಗಳು ನನ್ನ ಮುಂದೆ ಏನೂ ಅನ್ನಲಿಲ್ಲ. ಪ್ಯಾಂಟು ತೊಳೆಯುವ ಯಂತ್ರಕ್ಕೆ ಹಾಕಿ ಅದರ ಬಾಗಿಲನ್ನು ಸ್ವಲ್ಪ ಜೋರಾಗಿ ಬಡಿದಳು. ಅಂದಿದ್ದರೆ ನಾನೂ ಅನ್ನಬಹುದಿತ್ತು. ಅನ್ನದೆ ಇರುವವರ ಜೊತೆ ಜಗಳ ಹೇಗೆ ಮಾಡುವುದು?

ಮರುದಿನ ಮಗು ಕಾಣಲಿಲ್ಲ. ಹುಡುಕಿದರೆ ಊಟದ ಮೇಜಿನ ಕೆಳಗೆ ಕೂತಿದ್ದಾನೆ. ಕೈಯಲ್ಲಿ ಅಡುಗೆಮನೆಯ ಕತ್ತರಿ. ಜಡೆಯನ್ನು ಹಿಂದಿನಿಂದ ಎಳೆದುಕೊಂಡು ಕತ್ತರಿ ಹಾಕಲು ನೋಡುತ್ತಿದ್ದಾನೆ, ಕೈ ಎಟುಕುತ್ತಿಲ್ಲ. ಕತ್ತರಿಯ ಬಾಯಿ ಕಿವಿಯ ಹತ್ತಿರವಿತ್ತು. ಮಂಡಿ ನೋವನ್ನು ಮರೆತು ಮೇಜಿನ ಕೆಳಗೆ ನುಗ್ಗಿ ಕಿತ್ತುಕೊಂಡೆ.

"ಆಯಿ, ದೇವರಿಗಿ ನನ್ನ ಕೂದಲು ಯಾಕ ಬೇಕು? ಅಂವಗ ಇಲ್ಲೇನು?"

ಮೇಜಿನ ಕೆಳಗೆ ಕುಳಿತವಳಿಗೆ ದೊಡ್ಡ ಮಾತು ಎಲ್ಲಿಂದ ಬರಬೇಕು? "ದೇವರು ಕೇಳಿಲ್ಲೋ ಮಗಾ," ಎಂದೆ. "ನಾನೇ ಕೊಡ್ತೀನಿ ಅಂದಿದ್ದೆ." "ನಿಂದು ಕೊಡು ಮತ್ತ," ಎಂದ. ನನ್ನ ತಲೆಯಲ್ಲಿ ಉಳಿದಿರುವುದು ನಿಂಬೆಕಾಯಿಯಷ್ಟು ತುರುಬು. ಆದರೂ ಮಾತು ಸರಿಯಾಗಿಯೇ ಇತ್ತು.

ಅವತ್ತೇ ಬಸವರಾಜನಿಗೆ ಫೋನು ಹಚ್ಚಿದೆ. ಅವನು ಅಂಗಡಿಯಲ್ಲಿ ತೊಗರಿ ಚೀಲಗಳ ನಡುವೆ ಕೂತಿದ್ದ.

"ಕತ್ತರಿ ತಕ್ಕೊ. ಈಗ ಜಾವಳ ತೆಗೀಬೇಕು."

"ಯಾರ ಜಾವಳ? ಎಲ್ಲಿ?"

"ಇಲ್ಲೇ. ನೀ ಅಲ್ಲಿಂದ ಕತ್ತರಸು, ನಾ ಇಲ್ಲಿಂದ ಕತ್ತರಸ್ತೀನಿ."

"ಅವ್ವಾ, ತಲಿ ಕೆಟ್ಟದೇನು? ನಾಕು ವರ್ಷ ಆಕಿಗಿ ಕೈ ಹಚ್ಚಗೊಡಲಿಲ್ಲ ನೀನು! ಸ್ವಾದರಮಾವನ ಮಾನ ಏನಾಯ್ತು?"

"ನಿನ್ನ ಮಾನ ಹುಡುಗನ ಬೆನ್ನ ಮ್ಯಾಲ ಜೋತಾಡ್ಲಿಕತ್ತದ. ಕತ್ತರಿ ತಗಿ ಅಂದ್ರ ತಗಿ."

ತಿಜೋರಿ ತೆಗೆದ. ನಾಲ್ಕು ವರ್ಷ ಗುಲಾಬಿ ಕಾಗದದಲ್ಲಿ ಇದ್ದ ಕತ್ತರಿ ಕಪ್ಪಾಗಿತ್ತು. ಅಂಗಿಗೆ ಉಜ್ಜಿಕೊಂಡ. ಹಮಾಲರೆಲ್ಲ ಚೀಲ ಇಳಿಸಿ ಅವನ ಬೆನ್ನ ಹಿಂದೆ ನೆರೆದರು. "ಥಾಂಬಾ ರೇ, ಗದ್ದಲ ಮಾಡಬ್ಯಾಡ್ರಿ" ಎಂದು ಅರ್ಧ ಮರಾಠಿಯಲ್ಲಿ ಅವರ ಮೇಲೆ ಕೂಗಿದ. ಇಲ್ಲಿ ಅಳಿಯ ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಮಗಳು ಆರತಿ ಹಿಡಿದಳು. ಫೋನಿನಲ್ಲಿ ಬಸವರಾಜ ಕತ್ತರಿ ಎತ್ತಿ, "ಕತ್ತರಸ್ಲೇನು?" ಎಂದ. ಅಷ್ಟಕ್ಕೆ ಚಿತ್ರ ನಿಂತುಬಿಟ್ಟಿತು. ಬಾಯಿ ತೆರೆದ ಬಸವರಾಜ, ಬಾಯಿ ತೆರೆದ ಕತ್ತರಿ, ಹಿಂದೆ ಬಾಯಿ ತೆರೆದ ಆರು ಹಮಾಲರು.

ಸ್ವಲ್ಪ ಕಾದೆವು. ಹುಡುಗ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು ಕೂತಿದ್ದ. ಉಸಿರು ಬಿಗಿ ಹಿಡಿದ ಮಗುವನ್ನು ಎಷ್ಟು ಹೊತ್ತು ಕಾಯಿಸುವುದು? ಕತ್ತರಿಸಿದೆ. ಅಳಿಯ ಕ್ಷೌರದ ಯಂತ್ರ ಹಿಡಿದು ಉಳಿದದ್ದನ್ನು ಬೋಳಿಸತೊಡಗಿದ. ಅರ್ಧ ತಲೆ ಆಗುವಷ್ಟರಲ್ಲಿ ಫೋನು ಜೀವ ತಳೆಯಿತು. ಬಸವರಾಜ ಇನ್ನೂ ಕತ್ತರಿ ಎತ್ತಿಯೇ ಇದ್ದ.

"ಅವ್ವಾ, ನಾ ಕತ್ತರಿಸಿದ್ದು ಮೊದಲೋ, ನೀ ಕತ್ತರಿಸಿದ್ದು ಮೊದಲೋ?"

"ನಿಂದೇ ಮೊದಲು," ಎಂದೆ. "ಎಲ್ಲಾರೂ ನೋಡ್ಯಾರ."

ಹಮಾಲರು ಚಪ್ಪಾಳೆ ಹೊಡೆದರು. ಅವನು ಕಣ್ಣು ಒರೆಸಿಕೊಂಡ. ಕೂದಲನ್ನು ಒಂದು ಡಬ್ಬಿಯಲ್ಲಿ ತುಂಬಿಸಿದೆ, ಊರಿಗೆ ಹೋಗುವಾಗ ಒಯ್ದು ಗುಡಿಯಲ್ಲಿ ಇಡುವುದೆಂದು. ದೇವರಿಗೆ ತಲೆ ನೋಡುವ ಅವಸರವೇನೂ ಇರಲಿಕ್ಕಿಲ್ಲ.

ಓಂಕಾರ ಕನ್ನಡಿಯಲ್ಲಿ ತನ್ನ ಬೋಳು ತಲೆ ಸವರಿ ಸವರಿ ನೋಡಿಕೊಂಡ. ಸೋಮವಾರ ಚೀಲ ಹಾಕಿಕೊಂಡು ಶಾಲೆಗೆ ಓಡಿದ. ಗೇಟಿನಲ್ಲಿ ನಾವು ನಿಂತಿದ್ದೆವು, ತಿರುಗಿ ನೋಡಲಿಲ್ಲ. ಮಗಳು ನನ್ನ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು.

ಮಂಗಳವಾರ ಮುಂಜಾನೆ ರೂಢಿಯಂತೆ ಬಂದು ನನ್ನ ಮೊಣಕಾಲ ನಡುವೆ ಕೂತ. ಬಾಚಲು ಏನೂ ಇರಲಿಲ್ಲ. ಒಂದು ಬೊಗಸೆ ಎಣ್ಣೆ ತಿಕ್ಕಿದೆ, ಎಮ್ಮೆಯ ಕತೆ ಶುರು ಮಾಡಿದೆ. ಎಮ್ಮೆ ಕೊಟ್ಟಿಗೆಯಿಂದ ಹೊರಗೆ ಬರುವಷ್ಟರಲ್ಲಿ ತಲೆ ಮುಗಿಯಿತು. ಬುಧವಾರ ಎಣ್ಣೆ ಬೇಡವೆಂದ. ಗುರುವಾರ ಬರಲೇ ಇಲ್ಲ, ಹೊಸ ಗೆಳೆಯನೊಬ್ಬ ಬಾಗಿಲಲ್ಲಿ ಕಾಯುತ್ತಿದ್ದ. ಸಿಟ್ಟು ಮಾಡಲು ಅವನೇನೂ ತಪ್ಪು ಮಾಡಿಲ್ಲ. ಆ ಮನೆಯಲ್ಲಿ ನನಗೆ ಸಿಕ್ಕ ಒಂದೇ ನೌಕರಿಯನ್ನು ನನ್ನ ಕೈಯಾರೆ ಕತ್ತರಿಸಿಕೊಂಡಿದ್ದೆ. ವೀಸಾ ಇನ್ನೂ ಒಂದು ತಿಂಗಳು ಉಳಿದಿತ್ತು. ನೆಲ ಒರೆಸುವ ಆಮೆ ನನ್ನ ಕಾಲಿಗೆ ಬಂದು ತಾಗಿ ನಿಲ್ಲುತ್ತಿತ್ತು. ಅದಕ್ಕೆ ಕೆಲಸವಿತ್ತು. ಕಾಲು ಮೇಲೆತ್ತಿ ದಾರಿ ಕೊಡುತ್ತಿದ್ದೆ.