ಓಡದ ವಿಡಿಯೊಗಳು, ಬಗ್ಗದ ನಾನು

ಮದುವೆ ವಿಡಿಯೊ ಅಂಗಡಿ ಇಟ್ಟೋರಿಗೆ ನಗೋಕೆ ಬೇರೆ ಕಡೆ ಹೋಗೋ ಅಗತ್ಯ ಇಲ್ಲ. ಬೆಳಗ್ಗೆ ಬಾಗಿಲು ತೆಗೆದು ಕಸ ಗುಡಿಸೋದರೊಳಗೆ ಯಾರಾದರೊಬ್ಬರು ಪೆನ್‌ಡ್ರೈವ್ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತಿರ್ತಾರೆ. "ಮೇಡಂ, ಓಡ್ತಾ ಇಲ್ಲ." ಅಷ್ಟೇ. ಏನು ಓಡ್ತಿಲ್ಲ, ಯಾವುದರಲ್ಲಿ ಓಡ್ತಿಲ್ಲ, ಎಲ್ಲ ನಾನೇ ಕೆದಕಿ ಕೆದಕಿ ಕೇಳ್ಬೇಕು.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದೀಲಿ ನಮ್ಮದೊಂದು ಚಿಕ್ಕ ಅಂಗಡಿ. ಕ್ಯಾಮೆರಾ ಹೊರೋರು ನಮ್ಮ ಯಜಮಾನರು. ಕಂಪ್ಯೂಟರ್ ಮುಂದೆ ಕೂತು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡೋಳು ನಾನು. ನಮ್ಮ ಎದುರಿಗೇ ಒಂದು ಟಿವಿ ಅಂಗಡಿ. ಅದರ ಸಾಹುಕಾರರಿಗೂ ನನಗೂ ಆಗಿಬರಲ್ಲ. ಯಾರ ಮನೇಲಿ ವಿಡಿಯೊ ಓಡದಿದ್ದರೂ ಅವರದು ಒಂದೇ ಮಾತು: "ನಮ್ ಟಿವಿ ಚಿನ್ನ ಕಣ್ರೀ. ಆಯಮ್ಮನ ವಿಡಿಯೊನೇ ಸರಿ ಇಲ್ಲ." ಅವರ ಷಡ್ಡಕ ಹೊಸದಾಗಿ ಸ್ಟುಡಿಯೊ ತೆಗೆದ ಮೇಲಂತೂ ಈ ಮಾತು ಇನ್ನೂ ಜೋರಾಯ್ತು. ಜನ ನಂಬೋಕೆ ಶುರು ಮಾಡಿದ್ರು. ನಮಗೆ ಒಪ್ಪಿಸಿದ್ದ ಮದುವೆಗಳು ಅಲ್ಲಿಗೆ ಹೋದ್ವು.

"ಓಗ್ಲಿ ಬುಡು, ಅಂಗಡಿ ಮುಚ್ಚಿ ಬೇರೆ ಏನಾರ ನೋಡನ" ಅಂದ್ರು ಯಜಮಾನರು.

ನನಗೆ ಮೈಯೆಲ್ಲ ಉರಿದುಹೋಯ್ತು. "ನಾನು ಮುಚ್ಚಲ್ಲ. ಬೇಕಾದ್ರೆ ಅವರೇ ಮುಚ್ಕೊಂಡು ಹೋಗ್ಲಿ" ಅಂದೆ. ಅವತ್ತಿಂದ ಯಾರು ಯಾವ ವಿಡಿಯೊ ತಂದ್ರೂ ಸರಿ, ಅದನ್ನ ಓಡಿಸದೆ ಕಳಿಸಬಾರದು ಅಂತ ಹಟ ಹಿಡಿದೆ.

ಬಿಸ್ಕತ್ತು ಡಬ್ಬ

ಬಿಳಿಕೆರೆ ಕಡೆಯ ರೈತರೊಬ್ಬರು ಕೆಂಡದಂಥ ಮುಖ ಹೊತ್ಕೊಂಡು ಬಂದ್ರು. ಮೊಮ್ಮಗನ ನಾಮಕರಣವನ್ನ ಅವರ ಭಾಮೈದ ಹೊಸ ಫೋನಲ್ಲಿ ಹಿಡಿದಿದ್ದ. ಅದನ್ನ ನಾನು ಪೆನ್‌ಡ್ರೈವಿಗೆ ತುಂಬಿಕೊಟ್ಟಿದ್ದೆ. ಮನೆ ಟಿವೀಲಿ ಓಡಲಿಲ್ಲ. ಎದುರಿನ ಸಾಹುಕಾರರನ್ನ ಕೇಳಿದ್ದಾರೆ. ಅವರು "ಫೈಲಿನ ಹೆಸರಿನ ಕೊನೇಲಿರೋ ಅಕ್ಸರ ಅಳಿಸಿ ಎಂಪಿ4 ಅಂತ ಬರ್ಕೊ, ಸರಿ ಓಯ್ತದೆ" ಅಂದಿದ್ದಾರೆ.

"ಬರ್ದಿವ್ನಿ ಮೇಡಂ! ಈಗ ಎಂಪಿ4ನೂ ಆಗದೆ. ಆದ್ರೂ ಓಡಾಕಿಲ್ಲ ಅಂತದೆ!"

"ನಿಮ್ಮ ಅಡುಗೆಮನೇಲಿ ಬಿಸ್ಕತ್ತು ಡಬ್ಬ ಇದ್ಯಾ ಅಣ್ಣ?" ಅಂದೆ.

"ಅದೆ."

"ಮುಚ್ಚಳ ತೆಗೆದ್ರೆ ಒಳಗೆ ಏನಿರುತ್ತೆ?"

ತಲೆ ಕೆರ್ಕೊಂಡ್ರು. "ಉಳ್ಳಿಕಾಳು."

"ಇದೂ ಹಂಗೇ. ಎಂಪಿ4 ಅನ್ನೋದು ಬರೀ ಡಬ್ಬ. ಒಳಗಿರೋ ವಿಡಿಯೊನ ಒತ್ತಿ ಮಡಿಚಿಟ್ಟಿರೋ ರೀತಿಗೆ ಕೋಡೆಕ್ ಅಂತಾರೆ. ನಿಮ್ಮ ಭಾಮೈದನ ಫೋನು ಹೊಸ ಥರ ಮಡಿಚುತ್ತೆ. ನಿಮ್ಮ ಹಳೇ ಟಿವಿಗೆ ಅದನ್ನ ಬಿಚ್ಚೋಕೆ ಬರಲ್ಲ. ಡಬ್ಬದ ಮೇಲೆ ಏನು ಬರೆದ್ರೂ ಒಳಗಿನ ಹುರುಳಿಕಾಳು ಬಿಸ್ಕತ್ತಾಗುತ್ತಾ?"

ವಿಡಿಯೊನ ಅವರ ಟಿವಿಗೆ ತಿಳಿಯೋ ಹಳೇ ಥರಕ್ಕೆ ಬದಲಾಯಿಸಿ, ನನ್ನ ಹತ್ರ ಇರೋ ಹಳೇ ಟಿವೀಲಿ ಓಡಿಸಿ ತೋರಿಸಿ ಕೊಟ್ಟೆ. ಮನುಷ್ಯ ಅಷ್ಟೂ ಹೊತ್ತು ಏನೋ ಯೋಚನೆ ಮಾಡ್ಕೊಂಡು ಕೂತಿದ್ರು. ಹೊರಡೋವಾಗ ಬಾಗಿಲಲ್ಲಿ ನಿಂತು ತಿರುಗಿದ್ರು.

"ಅಲ್ಲ ಮೇಡಂ, ಡಬ್ಬದಲ್ಲಿ ಉಳ್ಳಿಕಾಳು ಅದೆ ಅಂದ್ರೆ, ನಾನ್ ತಂದ್ ತಂದ್ ಕೊಟ್ಟಿದ್ ಬಿಸ್ಕತ್ನೆಲ್ಲ ಎಲ್ ಮಡಗವ್ಳೆ ಅಂತ ನನ್ನೆಂಡ್ರುನ್ನ ಇವತ್ತು ಕೇಳ್ಲೇಬೇಕು ಕಣ್ರೀ!"

ಪಾಯಸದ ಮಾತು

ಎಚ್.ಡಿ. ಕೋಟೆಯ ಒಂದು ಮನೆಯವರದು ಇನ್ನೊಂದು ಥರದ ಗೋಳು. ನಾವು ಮಾಡಿಕೊಟ್ಟ ಮದುವೆ ವಿಡಿಯೊ ಟಿವೀಲಿ ಬರ್ತಿದೆ, ಧ್ವನಿ ಮಾತ್ರ ಇಲ್ಲ. ಪುರೋಹಿತರು ಬಾಯಿ ಆಡಿಸ್ತಾರೆ, ವಾಲಗದವರು ಕೆನ್ನೆ ಉಬ್ಬಿಸ್ತಾರೆ, ಮನೆ ತುಂಬಾ ಮೌನ. ಟಿವಿ ಮಾರಿದ್ದು ನಮ್ಮ ಎದುರಿನವರೇ. "ಆಯಮ್ಮ ಸೌಂಡು ಇಡಿಯೋದೇ ಮರ್ತವ್ಳೆ" ಅಂತ ಹೇಳಿ ಕಳಿಸಿದ್ರಂತೆ.

ಮದುಮಗಳು ಗಂಡನ ಜೊತೆ ಬಂದಿದ್ಲು. ಕಣ್ಣಲ್ಲಿ ನೀರು. "ನಮ್ಮಜ್ಜಿ ಸೋಬಾನೆ ಹೇಳಿದ್ರು ಮೇಡಂ. ಅದೇ ಕೇಳಿಸ್ತಿಲ್ಲ."

ನನ್ನ ಕಂಪ್ಯೂಟರಲ್ಲಿ ಹಾಕಿದೆ. ಸೋಬಾನೆ ಸ್ವಚ್ಛವಾಗಿ ಕೇಳಿಸ್ತು. ಒಂದೇ ಡಬ್ಬದಲ್ಲಿ ಚಿತ್ರ ಬೇರೆ, ಧ್ವನಿ ಬೇರೆ ಮಡಿಚಿರ್ತಾರೆ. ಆ ಟಿವಿಗೆ ಚಿತ್ರ ಬಿಚ್ಚೋಕೆ ಬರುತ್ತೆ, ಆ ಧ್ವನಿ ಬಿಚ್ಚೋಕೆ ಬರಲ್ಲ. ಧ್ವನಿಯನ್ನಷ್ಟೇ ಬೇರೆ ಥರ ಮಾಡಿ ಕೊಟ್ಟು, "ಹೋಗಮ್ಮ, ಎಲ್ಲರನ್ನೂ ಕೂರಿಸ್ಕೊಂಡು ಕೇಳು. ಮರ್ತಿದ್ದು ಯಾರು ಅಂತ ಊರಿಗೇ ಗೊತ್ತಾಗ್ಲಿ" ಅಂದೆ.

ಅವಳು ಹಾಗೇ ಮಾಡಿದ್ಲು. ತವರಿನವರನ್ನೂ ಕರೆಸಿ ಕೂರಿಸಿದ್ಲು.

ಆಮೇಲೆ ಅಂಗಡಿಗೆ ಬಂದದ್ದು ಅವಳ ಅತ್ತೆ. ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ಮೂಲೇಲಿ ನಿಂತ್ರು. ವಿಷಯ ಏನಪ್ಪಾ ಅಂದ್ರೆ, ಅಜ್ಜಿ ಸೋಬಾನೆ ಹೇಳೋವಾಗ ಈ ತಾಯಿ ನಮ್ಮ ಕ್ಯಾಮೆರಾ ಪಕ್ಕದಲ್ಲೇ ನಿಂತು ತಂಗಿಗೆ ಹೇಳಿದ್ದಾರೆ: "ಎಣ್ಣಿನ ಕಡೆಯೋರ ಪಾಯಸ ಕುಡುದ್ಯಾ? ಕೆರೆ ನೀರಿಗೆ ಬೆಲ್ಲ ತೋರ್ಸವ್ರೆ ಕಣೆ." ಬೀಗರು ಪಕ್ಕದಲ್ಲೇ ಕೂತು ಕಾಫಿ ಕುಡೀತಿರೋವಾಗ ಅದು ಟಿವೀಲಿ ಗಟ್ಟಿಯಾಗಿ ಬಂದಿದೆ.

"ಸೌಂಡು ತೆಗ್ದುಬುಡವ್ವ, ನಿಂಗೆ ಕೈ ಮುಗೀತೀನಿ" ಅಂದ್ರು.

"ತೆಗೆಯಲ್ಲ ಕಣಮ್ಮ. ಆ ಅಜ್ಜಿ ಹಾಡು ಯಾಕೆ ತೆಗೀಲಿ?" ಅಂತ ನಾನೂ ಬಿಗಿಯಾಗೇ ಅಂದೆ.

"ಅಜ್ಜಿ ಇರ್ಲಿ, ವಾಲಗ ಇರ್ಲಿ, ಎಲ್ಲಾ ಇರ್ಲಿ. ನನ್ನ ಒಬ್ಳುನ್ನೇ ಮೂಗಿ ಮಾಡ್ಕೊಟ್ಬುಡು ತಾಯಿ!"

ದಾರಿ ತೋರ್ಸೋ ಬೋರ್ಡು

ಇದು ಚಿಕ್ಕದು. ಪಿರಿಯಾಪಟ್ಟಣದಿಂದ ಒಬ್ಬರು ಬಂದ್ರು. ಮನೆ ಕಂಪ್ಯೂಟರಲ್ಲಿರೋ ಗೃಹಪ್ರವೇಶದ ವಿಡಿಯೊನ ಪೆನ್‌ಡ್ರೈವಿಗೆ ಹಾಕ್ಕೊಂಡು ನೆಂಟರ ಮನೆಗೆ ಹೋದ್ರಂತೆ, ಅಲ್ಲಿ ಓಡಲಿಲ್ಲವಂತೆ. ನೋಡಿದ್ರೆ ಒಳಗೆ ವಿಡಿಯೊನೇ ಇಲ್ಲ! ಪರದೆ ಮೇಲೆ ಕಾಣೋ ಶಾರ್ಟ್‌ಕಟ್ ಚಿತ್ರವನ್ನಷ್ಟೇ ಎಳೆದು ತಂದಿದ್ದಾರೆ.

"ಯಜಮಾನ್ರೇ, ನೀವು ಊರು ತಂದಿಲ್ಲ. ಊರಿಗೆ ದಾರಿ ಅಂತ ತೋರ್ಸೋ ಬೋರ್ಡು ಕಿತ್ಕೊಂಡು ಬಂದಿದೀರಿ" ಅಂದೆ.

ಅವರು ಆರಾಮಾಗಿ ಕುರ್ಚಿ ಎಳ್ಕೊಂಡು ಕೂತ್ರು. "ಬೋರ್ಡು ಅದ್ಯಲ್ಲ ಮೇಡಂ, ಸಾಕು ಬುಡಿ. ಅದ್ನೇ ನೋಡ್ಕಂಡು ಓಗಿ ತಂದ್ಬುಡಿ. ನೀವ್ ಬರೋಗಂಟ ಇಲ್ಲೇ ಕೂತಿರ್ತೀನಿ."

ಬೀಗರೂಟ

ಇಷ್ಟೆಲ್ಲ ಓಡಿಸಿ ತೋರಿಸಿದ್ರೂ ಎದುರಿನ ಸಾಹುಕಾರರ ಬಾಯಿ ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ಮಗಳಿಗೇ ಮದುವೆ ಗೊತ್ತಾಯ್ತು. ಆ ಹುಡುಗಿ ಸೀದಾ ನಮ್ಮ ಅಂಗಡಿಗೆ ಬಂದ್ಲು!

"ಆಂಟಿ, ನನ್ನ ಮದುವೆ ವಿಡಿಯೊ ನೀವೇ ಮಾಡ್ಬೇಕು. ಚಿಕ್ಕಪ್ಪನ ಸ್ಟುಡಿಯೊದಲ್ಲಿ ನನ್ನ ಫ್ರೆಂಡ್ ಮದುವೆ ವಿಡಿಯೊ ಮಾಡಿದ್ರು. ಅವಳಿಗಿಂತ ಅಡುಗೆಭಟ್ಟರೇ ಜಾಸ್ತಿ ಬಂದವ್ರೆ."

ಹಿಂದೆಯೇ ಅಪ್ಪನೂ ಬಂದ್ರು. ಬೀದಿ ಮಧ್ಯ ನಿಂತು ಎಲ್ಲರಿಗೂ ಕೇಳೋ ಹಾಗೆ ಅಂದ್ರು: "ಮಗಳ ಅಟ, ಒಪ್ಕೊಂಡಿವ್ನಿ. ಆದ್ರೆ ನೋಡಮ್ಮ, ಬೀಗರೂಟದ ದಿನ ನಮ್ ಬೀಗರ ಮುಂದೆ ವಿಡಿಯೊ ಓಡ್ನಿಲ್ಲ ಅಂದ್ರೆ ನೀನು ಅಂಗಡಿ ಬಾಗ್ಲು ಆಕ್ಬುಡ್ಬೇಕು."

ಯಜಮಾನರು ಹಿಂದಿನಿಂದ ನನ್ನ ಸೆರಗು ಎಳೀತಿದ್ರು. "ಹಾಕ್ತೀನಿ. ಓಡಿದ್ರೆ?" ಅಂದೆ.

"ಓಡುದ್ರೆ ನಾಕ್ ಜನದ ಮುಂದೆ ತಪ್ಪು ನಂದೇ ಅಂತ ಒಪ್ಕೋತೀನಿ."

ಮದುವೆ ಮುಗಿದ ಮೇಲೆ ಹಾಕೋ ಬೀಗರೂಟಕ್ಕೆ ಬಂದವರಿಗೆ ಮದುವೆಯ ಚಿಕ್ಕ ವಿಡಿಯೊ ತೋರಿಸೋದು ನಮ್ಮ ಕಡೆ ಈಗ ರೂಢಿಯಾಗಿದೆ. ಯಾವ ಟಿವಿಗೂ ತಿಳಿಯೋ ಅಂಥ ಹಳೇ ಕೋಡೆಕ್‌ನಲ್ಲೇ ಮಾಡಿದೆ. ನಮ್ಮ ಮನೆ ಟಿವೀಲಿ ನೋಡಿದೆ, ಪಕ್ಕದ ಮನೆ ಟಿವೀಲಿ ನೋಡಿದೆ, ಕ್ಷೌರದ ಅಂಗಡಿಗೂ ನುಗ್ಗಿ ನೋಡಿದೆ. ಎಲ್ಲಾ ಕಡೆ ಓಡ್ತು.

ಗಂಡಿನ ಮನೆ ಕೆ.ಆರ್. ನಗರದ ಹತ್ತಿರದ ಹಳ್ಳಿ. ಹೊರಗೆ ಪೆಂಡಾಲು, ಮಟನ್ ಸಾರಿನ ಘಮ. ಹಾಲ್‌ನ ಗೋಡೆ ಮೇಲೆ ಮಾವ ಅಳಿಯನಿಗೆ ಉಡುಗೊರೆ ಕೊಟ್ಟ ಟಿವಿ. ಸಾಹುಕಾರರ ಅಂಗಡೀಲೇ ಅತಿ ದೊಡ್ಡದು, ಅದಕ್ಕೊಂದು ಹೂವಿನ ಹಾರ ಬೇರೆ. ಚಾಪೆ ತುಂಬಾ ನೆಂಟರು. ಪೆನ್‌ಡ್ರೈವ್ ಸಿಕ್ಕಿಸಿದೆ.

ಪರದೆ ಕಪ್ಪು. ಈ ಫೈಲ್ ಓಡೋದಿಲ್ಲ ಅಂತ ಇಂಗ್ಲಿಷಲ್ಲಿ ಒಂದು ಸಾಲು.

ಸಾಹುಕಾರರು ಎದ್ದು ನಿಂತೇಬಿಟ್ರು. "ನೋಡುದ್ರಾ ಬೀಗರೇ? ನಾನು ಮೊದ್ಲೇ ಏಳ್ನಿಲ್ವಾ? ಈಯಮ್ಮನ ಕೆಲಸ ಇಷ್ಟೇಯ!" ನಮ್ಮ ಯಜಮಾನರು ಸದ್ದಿಲ್ಲದೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕ್ಕೊಂಡ್ರು.

"ಕೂತ್ಕೊಳ್ರೀ ಸುಮ್ನೆ" ಅಂದೆ ಯಜಮಾನರಿಗೆ. ಗಂಡಿನ ಮನೆಯವರ ಕಡೆ ತಿರುಗಿ ಕೇಳಿದೆ: "ಮನೇಲಿ ಇನ್ನೊಂದು ಟಿವಿ ಇದ್ಯಾ?"

ಗಂಡಿನ ಅಜ್ಜಿ ಕೋಣೇಲಿ ಒಂದು ಹಳೇ ಪುಟಾಣಿ ಟಿವಿ ಇತ್ತು. ಅದಕ್ಕೆ ಸಿಕ್ಕಿಸಿದ ತಕ್ಷಣ ವಾಲಗ ಮೊಳಗಿತು, ಮದುಮಗಳು ನಕ್ಕಳು. ನೆಂಟರೆಲ್ಲ ಅಲ್ಲಿಗೇ ನುಗ್ಗಿದ್ರು. ನನಗೆ ಹೋದ ಜೀವ ಬಂತು.

ಆಗ ಗಂಡಿನ ತಂದೆ ಗೋಡೆ ಮೇಲಿನ ಟಿವಿ ನೋಡಿದ್ರು, ಬೀಗರ ಮುಖ ನೋಡಿದ್ರು. "ಅಂಗಾರೆ ಬೀಗರೇ, ನಮ್ ಉಡುಗ್ನಿಗೆ ನೀವ್ ಕೊಟ್ಟಿರೋ ಟಿವಿಯೇ ಎಕ್ಕುಟ್ಟೋಗದಾ?"

ಸಾಹುಕಾರರ ಮುಖ ಸುಣ್ಣ ಬಳಿದಂಗಾಯ್ತು. ನಾನು ಹೌದು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಎಷ್ಟು ಕಾಲದಿಂದ ಆ ಗಳಿಗೆಗೆ ಕಾದಿದ್ದೆ! ಅಷ್ಟರಲ್ಲಿ ಹುಡುಗಿ ನನ್ನ ಕೈ ಹಿಡ್ಕೊಂಡ್ಲು. ಈ ಮನೇಲಿ ಬಾಳಬೇಕಾದವಳು ಅವಳು. ನನ್ನ ಹಟಕ್ಕೆ ಅವಳ್ಯಾಕೆ ತಲೆ ತಗ್ಗಿಸ್ಬೇಕು?

ಹಾಲ್‌ಗೆ ಹೋಗಿ ಆ ಟಿವಿಯ ಸೆಟ್ಟಿಂಗ್ ತೆಗೆದು ನೋಡಿದೆ. "ಟಿವಿ ಚೆನ್ನಾಗೇ ಇದೆ ಯಜಮಾನ್ರೇ. ಪೆಟ್ಟಿಗೆಯಿಂದ ತೆಗೆದ ಮೇಲೆ ನೆಟ್ ಹಾಕಿ ಒಂದು ಸಲ ಅಪ್‌ಡೇಟ್ ಮಾಡ್ಬೇಕಿತ್ತು, ಆಗಲೇ ಅದಕ್ಕೆ ವಿಡಿಯೊ ಬಿಚ್ಚೋಕೆ ಬರೋದು. ಅದು ಮಾರಿದವರ ಕೆಲಸ, ಮದುವೆ ಗಡಿಬಿಡೀಲಿ ಬಿಟ್ಟೋಗಿದೆ. ಈಗ ಮಾಡ್ಸೋಣ" ಅಂದೆ ಗಂಡಿನ ತಂದೆಗೆ.

ಆ ಮನೇಲಿ ಫೋನಿಗೆ ಸಿಗ್ನಲ್ ಸಿಗೋದು ತಾರಸಿ ಮೇಲೆ ಮಾತ್ರ. "ಸಾಹುಕಾರರೇ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಾಕ್ಕೊಂಡು ಮೇಲೆ ಹತ್ತಿ. ಕೈ ಎತ್ತಿ ಹಿಡೀಬೇಕು."

ರೇಷ್ಮೆ ಪಂಚೆ ಎತ್ತಿ ಕಟ್ಕೊಂಡು ಏಣಿ ಹತ್ತಿದ್ರು. ನೆತ್ತಿ ಮೇಲೆ ಸೂರ್ಯ. ಅಪ್‌ಡೇಟ್ ಇಳೀತು, ಟಿವಿ ಆರಿ ಮತ್ತೆ ಹತ್ಕೊಂತು, ವಿಡಿಯೊ ಹಾಕಿದೆ. ಗೋಡೆ ತುಂಬಾ ಮದುವೆ! ನೆಂಟರು ಶಿಳ್ಳೆ ಹೊಡೆದ್ರು.

ಮೇಲಿನಿಂದ ಸಣ್ಣ ದನಿ ಬಂತು. "ಓಡ್ತಾ ಅಮ್ಮ?"

"ಓಡ್ತಿದೆ! ಆದ್ರೆ ನಾನು ಮಾಡಿದ ವಿಡಿಯೊ ಹೆಂಗಿದೆ ಅಂತ ನಿಮ್ಮ ಬೀಗರು ಕೇಳ್ತಾವ್ರೆ!"

ಗೊಣಗಿದ ಹಾಗೆ ಉತ್ತರ ಬಂತು. "ಸರಿಯಾಗೇ ಅದೆ."

"ಕೇಳಿಸ್ತಿಲ್ಲ!"

"ಈಯಮ್ಮನ ವಿಡಿಯೊ ಸರಿಯಾಗೇ ಅದೆ ಕಣ್ರಪ್ಪೋ! ತಪ್ಪು ನಂದೇಯ!"

ಪಕ್ಕದ ಬೀದಿಯವರೂ ಹೊರಗೆ ಬಂದು ಮೇಲೆ ನೋಡಿದ್ರು. ಸುಳ್ಳು ಯಾಕೆ ಹೇಳ್ಲಿ, ನನ್ನ ಕಣ್ಣು ತುಂಬಿ ಬಂತು. ಯಜಮಾನರು ಕ್ಯಾಮೆರಾ ಚೀಲ ಕೆಳಗಿಟ್ಟು ಕೈ ತೊಳೆಯೋಕೆ ಹೋದ್ರು. ಮೊದಲ ಪಂಕ್ತಿಗೆ ಎಲೆ ಹಾಕ್ತಿದ್ರು, ಹೊಗೆಯಾಡೋ ಮುದ್ದೆ ಬರ್ತಿತ್ತು. ನಾನೂ ಒಂದು ಎಲೆ ಮುಂದೆ ಕೂತೆ.

"ಇನ್ನು ಇಳೀಲೇನಮ್ಮ?" ಅಂದ್ರು ಸಾಹುಕಾರರು.

ಅಪ್‌ಡೇಟ್ ಮುಗಿದ ಮೇಲೆ ಪೆನ್‌ಡ್ರೈವಿನ ವಿಡಿಯೊಗೆ ನೆಟ್ಟೂ ಬೇಡ, ಫೋನೂ ಬೇಡ. ಟಿವಿ ಮಾರೋರಿಗೆ ಅಷ್ಟು ಗೊತ್ತಿರಬೇಕಿತ್ತು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡು ಕೂಗಿದೆ.

"ಅಲ್ಲೇ ಇರಿ ಸಾಹುಕಾರರೇ, ಕೈ ಇಳಿಸಬೇಡಿ! ನೀವು ಇಳಿದ್ರೆ ವಿಡಿಯೊ ನಿಂತೋಗುತ್ತೆ!"